ಮೂಲೆಯ ಮಶೀನು ಮಾತಾಡಿದ ದಿನ, ಮಾತಾಡದ ದಿನ

ಕಳೆದ ತಿಂಗಳು ಒಂದು ಮದುವೆ ಮುಗಿಸಿಕೊಂಡು ಬರುವಾಗ ಗಜೇಂದ್ರಗಡದಲ್ಲಿ ಬಸ್ಸು ಬದಲಿಸಬೇಕಾಯಿತು. ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಅಷ್ಟೂ ಸಾಲದೆ ಕಿಟಕಿಯಲ್ಲಿ ಕೂತವರನ್ನೂ ಒಂದು ಮಾತು ಕೇಳಿ ಹತ್ತುವ ಜಾತಿ ನನ್ನದು. ಹಾಗೆ ಕಿಟಕಿಯವರನ್ನು ಕೇಳುತ್ತಿರುವಾಗಲೇ ನರಗುಂದದ ಬಸ್ಸು ನನ್ನನ್ನು ಬಿಟ್ಟು ಹೊರಟುಹೋಯಿತು. ಇನ್ನೊಂದಕ್ಕೆ ಕಾಯುತ್ತ ನಿಲ್ದಾಣದ ಹೊರಗೆ ನಿಂತಿದ್ದಾಗ ಎಲ್ಲಿಂದಲೋ ನವಸಾಗರದ ಹೊಗೆ ಬಂತು. ತಗಡಿಗೆ ಬೆಸುಗೆ ಹಾಕುವಾಗ ಏಳುವ, ಮೂಗಿನ ಒಳಗೆ ಗೀರುವ, ಕಣ್ಣಲ್ಲಿ ನೀರು ತರಿಸುವ ವಾಸನೆ. ತಿರುಗಿ ನೋಡಿದರೆ ಗುರುತಿಲ್ಲದ ಒಬ್ಬಾತ ಡಬ್ಬಿಗೆ ತಳ ಕೂಡಿಸುತ್ತಿದ್ದ. ಅವನ ಅಂಗಡಿಯ ಮಗ್ಗುಲಿಗೆ ಒಂದು ಕಾಲದಲ್ಲಿ ಹಳದಿ ಬಣ್ಣದ ಟೆಲಿಫೋನ್ ಬೂತು ಇತ್ತು. ಅದರೊಳಗೆ ಶಮಶಾದ್ ಆಪಾ ಇರುತ್ತಿದ್ದರು. ಈಗ ಅಲ್ಲಿ ಮೊಬೈಲ್ ಕವರುಗಳು ತೂಗುಬಿದ್ದಿವೆ.

ಅದು ಎರಡು ಸಾವಿರದ ಐದನೆಯ ಇಸವಿಯ ಆಸುಪಾಸಿನ ಮಳೆಗಾಲ. ನಾನು ರೋಣದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಮನೆ ನರಗುಂದದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಚೀಲದಲ್ಲಿ ಛತ್ರಿ, ಛತ್ರಿ ಸೋರಿದರೆ ಎಂದು ಪ್ಲಾಸ್ಟಿಕ್ ಹಾಳೆ, ಲ್ಯಾಬಿನ ಕೀಲಿ, ಆ ಕೀಲಿ ಕಳೆದರೆ ಎಂದು ಇನ್ನೊಂದು ಕೀಲಿ. ಎರಡೂ ಒಂದೇ ಚೀಲದಲ್ಲಿವೆಯಲ್ಲ, ಚೀಲವೇ ಕಳೆದರೆ ಏನು ಗತಿ ಎಂದು ಹೆಂಡತಿ ಒಂದು ದಿನ ಕೇಳಿದಳು. ಅಂದಿನಿಂದ ಅದೂ ಒಂದು ಚಿಂತೆಯಾಯಿತು. "ನಿಮಗ ಚಿಂತಿ ಇಲ್ಲದ ದಿನ ಬಂದ್ರ, ಯಾಕ ಇಲ್ಲ ಅಂತ ಚಿಂತಿ ಮಾಡ್ತೀರಿ" ಎಂಬುದು ನನ್ನ ಬಗ್ಗೆ ಅವಳ ಕೊನೆಯ ತೀರ್ಮಾನ. ಅದನ್ನು ಆಕೆ ಇನ್ನೂ ಬದಲಿಸಿಲ್ಲ.

ಶಮಶಾದ್ ಆಪಾ ಹುಟ್ಟಿನಿಂದ ಕಣ್ಣು ಕಾಣದವರು. ಹುಬ್ಬಳ್ಳಿ ಕಡೆಯ ಅಂಧರ ಶಾಲೆಯಲ್ಲಿ ಓದಿ, ಇಂಗ್ಲಿಷನ್ನೂ ಟೈಪಿಂಗನ್ನೂ ಕಲಿತು ಊರಿಗೆ ಬಂದು ಬೂತು ಹಿಡಿದಿದ್ದರು. ಇಡೀ ಬಸ್ ನಿಲ್ದಾಣಕ್ಕೆ ಅವರು ಆಪಾ, ಅಂದರೆ ಅಕ್ಕ. ಹೆಸರು ಹೇಳಿದರೆ ಸಾಕು, ಊರ ವ್ಯಾಪಾರಸ್ಥರ ನಂಬರೆಲ್ಲ ಅವರ ಬೆರಳ ತುದಿಯಲ್ಲಿತ್ತು. ಆದರೆ ಆ ವರ್ಷ ಕುರಿ ಕಾಯುವವರ ಕಿಸೆಯಲ್ಲೂ ಮೊಬೈಲು ಕುಣಿಯತೊಡಗಿತ್ತು. ಬೂತಿಗೆ ಬರುವವರೆಂದರೆ ಚಿಲ್ಲರೆ ಕೇಳುವವರು, ನೆರಳಿಗೆ ನಿಲ್ಲುವವರು. ಅದೇ ಹೊತ್ತಿಗೆ ಜಿಲ್ಲೆಯ ಒಂದು ಕಚೇರಿಯಲ್ಲಿ ಕೆಲವು ಟೈಪಿಸ್ಟ್ ಹುದ್ದೆಗಳು ಬಂದವು, ಅವುಗಳಲ್ಲಿ ಒಂದು ದೃಷ್ಟಿಹೀನರಿಗೆಂದು ಕಾದಿರಿಸಿದ್ದು. ಎಲ್ಲಕ್ಕೂ ಪ್ರಾಯೋಗಿಕ ಪರೀಕ್ಷೆಯ ಕೇಂದ್ರ ನಮ್ಮ ಕಾಲೇಜು. ಮುಂದಿನ ವರ್ಷಕ್ಕೆ ಆಪಾರ ವಯಸ್ಸು ಮಿತಿ ದಾಟುತ್ತಿತ್ತು. ಇದೊಂದೇ ಸಲ, ಇದೇ ಕೊನೆ.

ಮೊದಲ ದಿನ ಅಪ್ಪನ ತೋಳು ಹಿಡಿದುಕೊಂಡು ಲ್ಯಾಬಿಗೆ ಬಂದರು. ಅಪ್ಪ ಮೆಹಬೂಬಸಾಬರು ಬೂತಿನ ಮಗ್ಗುಲ ಅಂಗಡಿಯಲ್ಲಿ ತಗಡಿನ ಪೆಟ್ಟಿಗೆ ಮಾಡುವವರು. ಅಂಗಿಯ ತುಂಬ ಬೆಸುಗೆಯ ಕಲೆ, ಜೊತೆಗೆ ಆ ನವಸಾಗರದ ವಾಸನೆ.

"ಸರ್, ಮಶೀನ ಮಾತಾಡತೈತೆಂತಲ್ರಿ. ಖರೇನ?" ಎಂದರು ಆಪಾ.

"ಖರೇ ಆಪಾ. ಇಂಗ್ಲಿಷಿನ್ಯಾಗ. ನೆಗಡಿ ಆದವರ ದನಿ."

"ಇರವಲ್ದ್ಯಾಕ. ನನ್ನ ಬೂತಿಗೆ ಬಂದವ್ರೆಲ್ಲ ನೆಗಡಿಯವ್ರ. ಮೊದ್ಲ ಸೀನತಾರ, ಆಮ್ಯಾಲ ಹಲೋ ಅಂತಾರ."

ಲ್ಯಾಬಿನಲ್ಲಿ ಧ್ವನಿ ಬರುವ ಯಂತ್ರ ಒಂದೇ. ಮೂಲೆಯಲ್ಲಿ ಫೋನಿನ ಪ್ಲಗ್ಗಿನ ಹತ್ತಿರ ಇದ್ದದ್ದು. ಇಂಟರ್ನೆಟ್ಟಿಗೆಂದು ಅದರೊಳಗೆ ಒಂದು ಮೋಡೆಮ್ ಕಾರ್ಡೂ ಇತ್ತು. ತೆರೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುವ ಪ್ರೋಗ್ರಾಮನ್ನು ಅದಕ್ಕೆ ಹಾಕಿದ್ದೆ. ನಮ್ಮ ಜವಾನ, ಅಸೂಟಿಯ ಈರಪ್ಪ, ಮೊದಲ ಸಲ ಆ ದನಿ ಕೇಳಿ ಬಾಗಿಲಿಗೆ ಓಡಿಹೋಗಿ ಹೊರಗೆ ಯಾರಾದರೂ ಬಂದರೇನೋ ಎಂದು ನೋಡಿಬಂದಿದ್ದ. ಅಂದಿನಿಂದ ಆ ದನಿಗೆ ಅವನಿಟ್ಟ ಹೆಸರು ಸಾಹೇಬ. "ಸಾಹೇಬ್ರು ಎದ್ದಾರೇನ್ರಿ ಸರ್?" ಎಂದು ದಿನಾ ಕೇಳುತ್ತಿದ್ದ.

ಸಾಹೇಬರು ಒಂದು ದಿನ ಏಳುತ್ತಿದ್ದರು, ಒಂದು ದಿನ ಏಳುತ್ತಿರಲಿಲ್ಲ. ನನ್ನ ಆ ಮಳೆಗಾಲದ ಕತೆ ಇಷ್ಟೇ. ಆದರೆ ಯಾಕೆ ಏಳುತ್ತಿರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ನಮ್ಮ ಯಂತ್ರಗಳನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ವ್ಯವಸ್ಥೆ. ಅದರಲ್ಲಿ ಕರ್ನಲ್ ಎಂಬುದು ಮನೆಯ ಯಜಮಾನ. ಯಂತ್ರದ ಎಲ್ಲ ಅಂಗಗಳೂ ಅವನ ಹತೋಟಿಯಲ್ಲಿ. ಆದರೆ ಎಲ್ಲ ಅಂಗಗಳನ್ನು ನಡೆಸುವ ವಿದ್ಯೆ ಅವನ ತಲೆಯಲ್ಲಿ ಮೊದಲೇ ಇರುವುದಿಲ್ಲ. ಧ್ವನಿಗೊಂದು, ಮೋಡೆಮಿಗೊಂದು, ಪ್ರಿಂಟರಿಗೊಂದು ಎಂದು ಆ ವಿದ್ಯೆಯನ್ನು ತುಂಡುತುಂಡು ಮಾಡಿ ಡಿಸ್ಕಿನಲ್ಲಿ ಇಟ್ಟಿರುತ್ತಾರೆ. ಆ ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ. ಯಜಮಾನ ತಾನೇ ಎದ್ದುಹೋಗಿ ಅದನ್ನು ಹುಡುಕುವುದಿಲ್ಲ. "ಇಂಥ ಕಾರ್ಡು ಕಂಡಿದೆ, ಇದರದ್ದು ತನ್ನಿ" ಎಂದು ಹೊರಗೆ ಕೂಗುತ್ತಾನೆ. ಹೊರಗಿನ ಪ್ರೋಗ್ರಾಮೊಂದು ಹುಡುಕಿ ತಂದು ಬಾಗಿಲಲ್ಲಿ ಕೊಡುತ್ತದೆ. ಅವನು ಅದನ್ನು ಪರೀಕ್ಷಿಸಿ ಒಳಗೆ ಕೂಡಿಸಿಕೊಳ್ಳುತ್ತಾನೆ. ಕೂಗುವುದು, ಕೂಡಿಸಿಕೊಳ್ಳುವುದು ಒಳಗಿನವನ ಕೆಲಸ. ಹುಡುಕುವುದು, ತರುವುದು ಹೊರಗಿನವರ ಕೆಲಸ.

ಇದನ್ನು ಆಪಾರಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ಇದು ನಮ್ಮಪ್ಪನ ಅಂಗಡಿ ನೋಡ್ರಿ. ಕುಂತಲ್ಲಿಂದ ಏಳಾವಲ್ಲ. ರಿವಿಟ್ ತಾ, ಕತ್ರಿ ತಾ. ತಪ್ಪ ತಂದ್ರ ಬೈಗಳ, ಲಗೂ ತರದಿದ್ರೂ ಬೈಗಳ."

ವರಾಂಡದಿಂದ ಮೆಹಬೂಬಸಾಬರು, "ಕೇಳಸ್ತೈತಿ ನನಗ" ಎಂದರು.

"ಕೇಳ್ಲಿ ಅಂತನ ಹೇಳಿದ್ನೆಪ್ಪ."

ಹಳೆಯ ಕರ್ನಲ್ ಇದ್ದಾಗ ನಮ್ಮಲ್ಲಿ ಒಂದು ಪಟ್ಟಿ ಇತ್ತು. ಮೊದಲು ಧ್ವನಿ, ಆಮೇಲೆ ಮೋಡೆಮ್ ಎಂದು ಅದರಲ್ಲಿ ಬರೆದಿತ್ತು. ಹೊರಗಿನವನು ಅದನ್ನು ಮೇಲಿನಿಂದ ಕೆಳಗೆ ಓದಿ ಒಂದೊಂದೇ ತಂದುಕೊಡುತ್ತಿದ್ದ. ಆ ಬೇಸಿಗೆಯಲ್ಲಿ ಹೊಸ ಕರ್ನಲ್ ಬಂತು. ಅದರ ಜೊತೆಗೆ ಕೆಲಸದ ಹಂಚಿಕೆಯೂ ಬದಲಾಯಿತು. ಹಳೆಯ ಪಟ್ಟಿಯನ್ನು ಓದುವವರೇ ಇಲ್ಲ. ಈಗ ಯಜಮಾನನಿಗೆ ಎರಡೂ ಕಾರ್ಡುಗಳು ಒಟ್ಟಿಗೇ ಕಾಣುತ್ತವೆ, ಅವನು ಎರಡು ಕೂಗು ಹಾಕುತ್ತಾನೆ, ಹೊರಗಿನ ಇಬ್ಬರು ಎರಡು ದಿಕ್ಕಿಗೆ ಓಡುತ್ತಾರೆ. ಯಾರು ಮೊದಲು ಬಂದರೋ ಅವರು ತಂದದ್ದಕ್ಕೆ ಮೊದಲ ಪೀಠ. ಓದುವ ಪ್ರೋಗ್ರಾಮು ತನ್ನ ಮಾತನ್ನು ಕಳಿಸುವುದು ಯಾವಾಗಲೂ ಮೊದಲ ಪೀಠಕ್ಕೆ. ಅಲ್ಲಿ ಧ್ವನಿ ಕಾರ್ಡು ಕೂತಿದ್ದರೆ ಸ್ಪೀಕರು ಮಾತಾಡುತ್ತದೆ. ಮೋಡೆಮು ಕೂಡ ತನ್ನನ್ನು ಧ್ವನಿಯ ಸಾಧನವೆಂದೇ ಹೇಳಿಕೊಳ್ಳುವ ಪೈಕಿ. ಅದು ಮೊದಲು ಬಂದು ಕೂತಿದ್ದರೆ ಮಾತೆಲ್ಲ ಅದಕ್ಕೆ ಹೋಗುತ್ತದೆ. ಸಾಹೇಬರು ಮಾತಾಡುತ್ತಲೇ ಇರುತ್ತಾರೆ, ಅತ್ತ ಮುಖ ಮಾಡಿ. ಕೇಳುವವರು ಯಾರೂ ಇಲ್ಲ. ಎಲ್ಲೂ ತಪ್ಪು ಕಾಣುವುದಿಲ್ಲ, ಯಾವ ದೂರೂ ಬರುವುದಿಲ್ಲ.

ಕಣ್ಣಿದ್ದವನಿಗೆ ಇದು ಬರೀ ತೊಂದರೆ. ತೆರೆ ನೋಡಿ ಕೆಲಸ ಮಾಡಿಕೊಂಡು ಹೋದಾನು. ಆಪಾರಿಗೆ ಇಡೀ ಯಂತ್ರವೇ ಮಾಯ. ಅದು ಎದ್ದಿದೆಯೋ ಮಲಗಿದೆಯೋ ಸತ್ತಿದೆಯೋ ತಿಳಿಯುವ ಬಗೆಯಿಲ್ಲ.

ಆ ವರ್ಷ ಆಷಾಢದ ಗಾಳಿ ಭಾರಿ ಜೋರು. ರೋಣದ ಎರೆಮಣ್ಣು ಒಂದು ಮಳೆಗೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಹಳ್ಳಿಯ ವಿದ್ಯಾರ್ಥಿಗಳು ಚಪ್ಪಲಿ ಕೈಯಲ್ಲಿ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಈರಪ್ಪ ಗೋಣಿಚೀಲ ಹಾಸುತ್ತಿದ್ದ. ಆಪಾ ಮತ್ತು ಅವರಪ್ಪ ವಾರದಲ್ಲಿ ಕೆಲವು ದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಯಂತ್ರ ಏಳದಿದ್ದರೆ ನನಗೆ ಗೊತ್ತಿದ್ದ ಮದ್ದು ಒಂದೇ: ಬಂದ್ ಮಾಡಿ ಮತ್ತೆ ಚಾಲೂ ಮಾಡುವುದು. ಪ್ರತಿಸಲವೂ ಚೀಟಿ ಎತ್ತಿದ ಹಾಗೆ. ಆಪಾ ಕೈಕಟ್ಟಿ ಕೂತು ಕಿವಿ ನಿಮಿರಿಸುತ್ತಿದ್ದರು. ಶುರುವಾಗುವಾಗ ಪೆಟ್ಟಿಗೆಯೊಳಗಿನ ಪುಟ್ಟ ಬಜರು 'ಟೀಂವ್' ಎನ್ನುತ್ತದೆ, ಅದಕ್ಕೆ ಯಾವ ಮಾಡ್ಯೂಲೂ ಬೇಡ. ಅದಾದಮೇಲೆ ಒಂದಷ್ಟು ಹೊತ್ತು ಕಾಯಬೇಕು. ಸಾಹೇಬರ ದನಿ ಬಂದರೆ ಆಪಾ, "ಎದ್ರು" ಎನ್ನುತ್ತಿದ್ದರು. ಬಾರದಿದ್ದರೆ ಏನೂ ಅನ್ನುತ್ತಿರಲಿಲ್ಲ. ಅವರು ಏನೂ ಅನ್ನದಿರುವುದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ಬೈದಿದ್ದರೆ ಚಲೋ ಇತ್ತು.

ಮೆಹಬೂಬಸಾಬರು ವರಾಂಡದಲ್ಲಿ ಸುಮ್ಮನೆ ಕೂರುವವರಲ್ಲ. ಕಾಲೇಜಿನ ತಳ ಹೋದ ಬಕೀಟು, ಬಾಯಿ ಕಿತ್ತ ಪೆಟ್ಟಿಗೆ, ಸೋರುವ ಝಾರಿ ಎಲ್ಲವನ್ನೂ ಈರಪ್ಪ ಒಂದೊಂದಾಗಿ ತಂದು ಅವರ ಮುಂದಿಡುತ್ತಿದ್ದ. ಹೀಗೆ ಇಬ್ಬರಿಗೂ ಗೆಳೆತನವಾಯಿತು. ಮೆಹಬೂಬಸಾಬರು ನಮಗೆಲ್ಲ ಚಾಚಾ ಆದರು. ಆದರೆ ಒಳಗೆ ಸಾಹೇಬರು ಮಾತಾಡತೊಡಗಿದ ಕೂಡಲೇ ಚಾಚಾ ಸುತ್ತಿಗೆ ಕೆಳಗಿಡುತ್ತಿದ್ದರು. ಮಗಳು ಕೇಳುವ ಹೊತ್ತಿನಲ್ಲಿ ಒಂದು ಪೆಟ್ಟೂ ಹಾಕುತ್ತಿರಲಿಲ್ಲ. ಸಾಹೇಬರು ಏಳದ ದಿನ ಅವರ ಸುತ್ತಿಗೆಯ ಸದ್ದು ಸಂಜೆಯವರೆಗೂ ಕೇಳುತ್ತಿತ್ತು. ಆ ಸದ್ದು ನನಗೆ ಚುಚ್ಚುತ್ತಿತ್ತು. ಪಾಪ, ಅವರು ಬಕೀಟಿಗೆ ಹೊಡೆಯುತ್ತಿದ್ದರು ಅಷ್ಟೇ.

ಚಿಂತೆ ಮಾಡಿ ಮಾಡಿ ಕೊನೆಗೆ ನಾನು ಈ ಸಾಫ್ಟ್‌ವೇರ್ ಬರೆಯುವವರಿಗೇ ಪತ್ರ ಬರೆದೆ. ಅವರು ಊರಿಗೊಬ್ಬರು ದೇಶಕ್ಕೊಬ್ಬರು, ಇಂಟರ್ನೆಟ್ಟಿನಲ್ಲಿ ಕೇಳಿದರೆ ಉತ್ತರ ಕೊಡುವವರು. ಪತ್ರ ಹೋಗಬೇಕಾದ ದಾರಿ ಯಾವುದು? ಅದೇ ಮೋಡೆಮು. ಮಾತು ನುಂಗಿದವನ ಕೈಯಲ್ಲೇ ಅವನ ಮೇಲಿನ ತಕರಾರು ಕೊಟ್ಟು ಕಳಿಸಿದೆ. ಫೋನ್ ಲೈನು ಅರ್ಧಕ್ಕೇ ಕಡಿಯುತ್ತಿತ್ತು, ಮತ್ತೆ ಕಳಿಸುತ್ತಿದ್ದೆ. ಹೋಯಿತೋ ಇಲ್ಲವೋ ಎಂದು ಇನ್ನೊಮ್ಮೆ ಕಳಿಸುತ್ತಿದ್ದೆ. ಅವರಿಗೆ ನನ್ನ ಒಂದೇ ಪತ್ರ ಎಷ್ಟು ಸಲ ಮುಟ್ಟಿತೋ ದೇವರೇ ಬಲ್ಲ.

ಒಳಗಿನ ಕರ್ನಲ್ ನೋಡಿಕೊಳ್ಳುವವರಿಂದ ಸಭ್ಯವಾದ ಉತ್ತರ ಬಂತು. ಕರ್ನಲ್ ತಾನು ಕಂಡದ್ದನ್ನು ತಿಳಿಸುತ್ತದೆ, ಯಾವುದು ಮೊದಲು ಎಂಬ ಮಾತನ್ನು ಅದು ಯಾರಿಗೂ ಕೊಟ್ಟಿಲ್ಲ, ಕ್ರಮ ಹೊರಗಿನವರ ಕೆಲಸ. ಹೊರಗಿನ ಪ್ರೋಗ್ರಾಮಿನವರಿಂದಲೂ ಸಭ್ಯವಾದ ಉತ್ತರ ಬಂತು. ಕರ್ನಲ್ ಕೂಗಿದ್ದನ್ನು ನಾವು ತರುತ್ತೇವೆ, ಎರಡು ಕೂಗು ಒಟ್ಟಿಗೆ ಬಂದರೆ ಎರಡನ್ನೂ ತರುತ್ತೇವೆ, ಪೀಠ ಹಂಚುವವರು ಒಳಗಿನವರು. ಎರಡನ್ನೂ ಮೇಲಿಂದ ಮೇಲೆ ಓದಿದೆ. ಇಬ್ಬರ ಮಾತೂ ಸರಿ. ಒಬ್ಬರದಾದರೂ ತಪ್ಪಿದ್ದಿದ್ದರೆ ಅವರ ಮೇಲೆ ಸಿಟ್ಟಾಗಿ ಒಂದು ಲೋಟ ಚಹಾ ಕುಡಿದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಇದನ್ನು ಹೇಳಿದಾಗ ಆಪಾ ಕೇಳಿದರು: "ಅಂದ್ರ ಒಳಗಿನವ್ರು ಚಲೋ ಮಂದಿ, ಹೊರಗಿನವ್ರೂ ಚಲೋ ಮಂದಿ?"

"ಹೌದ್ರಿ ಆಪಾ."

"ಹಂಗಾರ ನಮ್ಮ ಕೆಲಸ ಕೆಟ್ಟಂಗ. ಕೆಟ್ಟ ಮಂದಿ ಇದ್ರ ಕೈಕಾಲ ಹಿಡೀಬೌದು."

ಬನ್ನಿಯ ಹಬ್ಬ ಹತ್ತಿರ ಬಂದಾಗ ಮೂರನೆಯ ಒಬ್ಬ ಪುಣ್ಯಾತ್ಮ, ಯಾವ ದೇಶದವನೋ, ಎರಡೂ ಕಡೆಯವನಲ್ಲ, ನನ್ನ ಹಾಗೇ ಪೇಚಾಡಿದವನು, ಒಂದು ಸಾಲು ಬರೆದು ಕಳಿಸಿದ. ಧ್ವನಿಗೆ ಮೊದಲ ಪೀಠ, ಮೋಡೆಮು ಎಂದೂ ಮೊದಲನೆಯದಾಗಕೂಡದು ಎಂದು ಹೊರಗಿನವನಿಗೆ ಮೊದಲೇ ತಾಕೀತು ಮಾಡುವ ಸಾಲು. ಅದನ್ನು ಮೂಲೆಯ ಮಶೀನಿನಲ್ಲಿ ಬರೆದೆ. ಚಾಲೂ ಮಾಡಿದೆ, ಮಾತಾಡಿತು. ಮತ್ತೆ ಮಾಡಿದೆ, ಮಾತಾಡಿತು. ನನಗೆ ನಂಬಿಕೆ ಬಾರದೆ ಮಧ್ಯಾಹ್ನವೆಲ್ಲ ಬಂದ್ ಮಾಡುವುದು ಚಾಲೂ ಮಾಡುವುದು ಇದೇ ಕೆಲಸ. ಕೊನೆಗೆ ಈರಪ್ಪ, "ಸಾಕ ಬಿಡ್ರಿ ಸರ್, ಸಾಹೇಬ್ರಿಗೆ ತಲಿ ತಿರಗೀತು" ಎಂದ. ಅಲ್ಲಿಂದ ಪರೀಕ್ಷೆಯವರೆಗೆ ಯಂತ್ರ ಒಂದು ದಿನವೂ ಕೈಕೊಡಲಿಲ್ಲ. ಆಪಾ ಎಷ್ಟು ಚುರುಕಾಗಿ ಟೈಪು ಮಾಡುತ್ತಿದ್ದರೆಂದರೆ ಸಾಹೇಬರು ಮಾತಿನ ನಡುವೆ ತಡವರಿಸುತ್ತಿದ್ದರು. ವರಾಂಡದಲ್ಲಿ ಸುತ್ತಿಗೆ ಸದ್ದೇ ಇಲ್ಲ. ಸೋರುವ ಬಕೀಟುಗಳು ಹಾಗೇ ಉಳಿದವು.

ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಯಾವುದೇ ಪರೀಕ್ಷೆ ಬರಲಿ, ಹಿಂದಿನ ದಿನ ಲ್ಯಾಬಿನ ಎಲ್ಲ ಯಂತ್ರಗಳನ್ನೂ ಒರೆಸಿಹಾಕಿ ಮೂಲ ಡಿಸ್ಕಿನಿಂದ ಹೊಸದಾಗಿ ತುಂಬಬೇಕು. ಎಂದೋ ಒಬ್ಬ ಉತ್ತರಗಳನ್ನು ಯಂತ್ರದೊಳಗೆ ಬಚ್ಚಿಟ್ಟಿದ್ದನಂತೆ, ಅಂದಿನಿಂದ ಬಂದ ರೂಢಿ. ಡಿಸ್ಕು ಹಾಕಿ ಒಂದು ಗುಂಡಿ ಒತ್ತಿದರೆ ಮಿಕ್ಕದ್ದು ತಾನೇ ಆಗುತ್ತದೆ. ಅದನ್ನು ಈರಪ್ಪ ಮಾಡುತ್ತಿದ್ದ. ಹಬ್ಬಕ್ಕೆ ಮನೆ ಸಾರಿಸಿದ ಹಾಗೆ, ಮಾಡುವ ಮೊದಲು ಕೈಕಾಲು ತೊಳೆದುಕೊಂಡು ಬರುತ್ತಿದ್ದ. ಪರೀಕ್ಷೆಯ ಹಿಂದಿನ ಸಂಜೆ ನಾನು ಅವನಿಗೆ ಹೇಳಿದೆ. "ಈರಪ್ಪ, ಎಲ್ಲಾ ಮಾಡು. ಮೂಲೀದೊಂದು ಬಿಡು. ಅದನ್ನ ಮುಟ್ಟಬ್ಯಾಡ." ಬಸ್ ಹತ್ತುವ ಮುನ್ನ ತಿರುಗಿ ಬಂದು ಇನ್ನೊಮ್ಮೆ ಹೇಳಿದೆ. "ಹೇಳಿದ್ರೆಲ್ರಿ ಸರ್" ಎಂದ ಅವನು. ಬಸ್ಸಿನಲ್ಲಿ ಕೂತಮೇಲೆ ಮೂರನೆಯ ಸಲ ಹೇಳಬೇಕಿತ್ತೇನೋ ಎನ್ನಿಸಿತು. ಅಷ್ಟು ಚಿಂತೆ ಒಳ್ಳೆಯದಲ್ಲ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಜೀವನದಲ್ಲಿ ಒಂದೇ ಒಂದು ಸಲ.

ಮರುದಿನ ನಸುಕಿನಿಂದ ಜಿಟಿಜಿಟಿ ಮಳೆ. ನಾನು ಕಾಲೇಜು ಮುಟ್ಟುವಷ್ಟರಲ್ಲಿ ಜಿಲ್ಲೆಯಿಂದ ಬಂದ ಮೇಲ್ವಿಚಾರಕ ಮೇಡಂ ಲ್ಯಾಬನ್ನು ವಶಕ್ಕೆ ತೆಗೆದುಕೊಂಡಿದ್ದರು. ಬಾಗಿಲ ಹೊರಗೆ ಈರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಮುಖದಲ್ಲಿ ಹಬ್ಬದ ಕಳೆ.

"ಎಲ್ಲಾ ಲಕಲಕ ಅನ್ನಂಗ ಮಾಡೇನ್ರಿ ಸರ್. ಆಪಾಂದು ಮೊದ್ಲಿಗೆ ಮಾಡೇನಿ."

"ಅದನ್ನ ಬಿಡು ಅಂದಿದ್ನೆಲ್ಲೊ" ಎಂದೆ.

"ಅಂದಿದ್ರಿ. ಆದ್ರ ಮನಸ್ಸ ಒಪ್ಪಲಿಲ್ರಿ. ಎಲ್ಲಾರಿಗೂ ಹೊಸಾದು, ಆಪಾಗೊಂದ ಹಳೇದು? ಕಣ್ಣಿಲ್ಲದಾಕಿ ಅಂತ ಬಿಟ್ರು ಅಂದಾರು ಮಂದಿ. ಚಾಚಾ ಏನ ತಿಳ್ಕೊಂಡಾರು? ನೀವು ಹೋದಮ್ಯಾಲ ಒಬ್ಬಾವ ಕುಂತು ಮಾಡಿದ್ನಿ."

ಅವನನ್ನು ಬೈಯಲು ಬಾಯಿ ತೆರೆದೆ. ಅವನ ಕಣ್ಣಲ್ಲಿದ್ದ ಹೆಮ್ಮೆ ನೋಡಿ ಬಾಯಿ ತಾನೇ ಮುಚ್ಚಿಕೊಂಡಿತು. ಓದಿ ಹೇಳುವ ಪ್ರೋಗ್ರಾಮು ಮೂಲ ಡಿಸ್ಕಿನಲ್ಲೇ ಇತ್ತು, ಅದು ಹೋಗಿರಲಿಲ್ಲ. ಹೋದದ್ದು ಆ ಒಂದು ಸಾಲು. ಮತ್ತೆ ಚೀಟಿ ಎತ್ತುವ ಆಟ.

ಮೇಡಂ ಹತ್ತಿರ ಹೋಗಿ ವಿಷಯ ಹೇಳಿದೆ. ಒಂದೇ ಸಾಲು, ಒಂದೇ ನಿಮಿಷ ಎಂದೆ. ಆಕೆ ಒಳ್ಳೆಯವರೇ. ನನ್ನನ್ನು ಕೂರಿಸಿ ಪೂರಾ ಕೇಳಿದರು.

"ಅಲ್ರೀ ಸರ್, ಆ ಅಭ್ಯರ್ಥಿಗೆ ಕಲಿಸಿದವ್ರು ನೀವ ಅಲ್ಲೇನ್ರಿ?"

"ಹೌದ್ರಿ ಮೇಡಂ."

"ಪರೀಕ್ಷಾ ದಿವಸ ನಿಮ್ಮನ್ನ ಒಳಗ ಬಿಟ್ಟು ಅವರ ಮಶೀನಿಗೆ ಕೈ ಹಚ್ಚಗೊಟ್ರ ನಾಳೆ ಉಳಿದವ್ರು ಏನಂತಾರ? ಅವರ ಹೆಸರಿಗೇ ಪೆಟ್ಟು. ನೋಡ್ರಿ, ಮಶೀನ ಸಜ್ಜ ಮಾಡೂದು ಕೇಂದ್ರದ ಕೆಲಸ, ಅದು ನಿನ್ನೆಗೆ ಮುಗೀತು. ನಡಸೂದು ಅಭ್ಯರ್ಥಿ ಕೆಲಸ. ನೋಡ್ಕೊಳ್ಳೂದು ನನ್ನ ಕೆಲಸ."

"ಸಜ್ಜ ಮಾಡೂದಕ್ಕೂ ನಡಸೂದಕ್ಕೂ ನಡುವಿನ ಕೆಲಸ ಯಾರದ್ರಿ ಮೇಡಂ?"

ಆಕೆ ಸಾಲಾಗಿ ನಿಂತ ಯಂತ್ರಗಳತ್ತ ಕೈ ತೋರಿಸಿದರು. "ನಡುವ ಯಾವ ಕೆಲಸಾನೂ ಇಲ್ರಿ. ಬೇಕಂದ್ರ ಬ್ಯಾರೆ ಮಶೀನ ಕೊಡ್ತೀವಿ."

ಬೇರೆ ಯಂತ್ರಗಳಿಗೆ ದನಿಯೇ ಇಲ್ಲ. ಈ ಮಾತೂ ಸರಿಯೇ, ಆ ಮಾತೂ ಸರಿಯೇ ಎಂಬ ಉತ್ತರಗಳನ್ನು ಆ ಮಳೆಗಾಲದಲ್ಲಿ ನಾನು ಸಾಕಷ್ಟು ಕೇಳಿದ್ದೆ. ನಮಸ್ಕಾರ ಮಾಡಿ ಹೊರಗೆ ಬಂದೆ.

ಆಪಾ ಬಂದರು. ಹೊಸ ದುಪಟ್ಟಾ, ಮಳೆಯಲ್ಲಿ ನೆನೆದ ತುದಿ. ಹೇಳಲೋ ಬೇಡವೋ ಎಂದು ಮನಸ್ಸು ಹೊಯ್ದಾಡಿತು. ಅದೃಷ್ಟವಿದ್ದರೆ ಯಂತ್ರ ಮೊದಲ ಸಲಕ್ಕೇ ಮಾತಾಡಬಹುದು, ಸುಮ್ಮನೆ ಹೆದರಿಸಿದ ಹಾಗಾಗುತ್ತದೆ. ಹೇಳದೆ ಹೋಗಿ ಯಂತ್ರ ಸುಮ್ಮನಿದ್ದರೆ ತಮ್ಮದೇ ತಪ್ಪೆಂದುಕೊಳ್ಳುತ್ತಾರೆ.

"ಆಪಾ, ಆ ಸಾಲು ಅಳಿಸಿ ಹೋಗೇತಿ. ಮಶೀನ ಏಳದಿದ್ರ..."

"ಬಂದ್ ಮಾಡಿ ಚಾಲೂ ಮಾಡೂದು. ಮೊದಲಿನಂಗ." ಅವರ ದನಿ ಒಂಚೂರೂ ಅಲುಗಲಿಲ್ಲ. "ಹ್ಯಾಂಗ ಅಳಿಸಿತ್ರಿ?"

ಈರಪ್ಪ ಬಾಗಿಲಲ್ಲೇ ನಿಂತಿದ್ದ. "ಹಂಗಾ ಒಮ್ಮೊಮ್ಮೆ ಆಗತೈತ್ರಿ" ಎಂದೆ.

ಲ್ಯಾಬಿನ ಕಿಟಕಿಗೆ ಜಾಲರಿ ಇತ್ತು. ಅದರ ಹೊರಗಿನ ಬೆಂಚಿನ ಮೇಲೆ ನಾನು, ಮೆಹಬೂಬಸಾಬರು. ಅವರ ಕೈಯಲ್ಲಿ ಅಂದು ಬಕೀಟೂ ಇಲ್ಲ, ಸುತ್ತಿಗೆಯೂ ಇಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಒಳಗೆ ಗಂಟೆ ಬಾರಿಸಿತು. ಟೀಂವ್. ಇಬ್ಬರೂ ಜಾಲರಿಯತ್ತ ಕಿವಿಗೊಟ್ಟೆವು. ಮಳೆಯ ಸದ್ದು, ಬೇರೆಯವರ ಕೀಲಿಮಣೆಗಳ ಸದ್ದು. ಸಾಹೇಬರ ದನಿ ಇಲ್ಲ.

ಟೀಂವ್.

"ಏನ್ರಿ ಸರ್ ಅದು?"

"ಮತ್ತ ಚಾಲೂ ಮಾಡಿದ್ರು ಚಾಚಾ."

"ಎದ್ದೀತಲ್ರಿ?"

"ಏಳತೈತಿ."

ಟೀಂವ್. ಮತ್ತೆ ಮೌನ. ಮತ್ತೆ ಟೀಂವ್. ಬೇಕಾದ ಸಾಲು ನನ್ನ ತಲೆಯಲ್ಲಿ ಅಕ್ಷರ ತಪ್ಪದೆ ಇದೆ. ಒಳಗೆ ಬೇಕೆಂಬ ಕೂಗು ಬರುತ್ತಿದೆ. ತಂದುಕೊಡಬೇಕಾದವನು ಗೋಡೆಯ ಈಚೆ ಬೆಂಚಿನ ಮೇಲೆ ಕೂತಿದ್ದಾನೆ. ಒಂದು ಮೊಳ ದಪ್ಪದ ಗೋಡೆ, ಅಷ್ಟೇ. ಜಾಲರಿಯಿಂದ ಕೂಗಿ ಹೇಳಿದರೆ ಆಪಾರನ್ನು ಅಲ್ಲೇ ಎಬ್ಬಿಸಿ ಹೊರಗೆ ಕಳಿಸುತ್ತಾರೆ.

ಆಮೇಲೆ ಬಜರಿನ ಕೂಗು ನಿಂತಿತು. ಏನಾಯಿತು ಎಂದು ನಾನು ಎದ್ದು ನಿಂತೆ. ಸ್ವಲ್ಪ ಹೊತ್ತಿಗೆ ಮೂಲೆಯಿಂದ ಕೀಲಿಗಳ ಸದ್ದು ಕೇಳತೊಡಗಿತು, ತಡೆಯಿಲ್ಲದೆ, ಸಮನಾಗಿ. ಆ ಬೆರಳುಗಳನ್ನು ನಾನು ಬಲ್ಲೆ. ಸಾಹೇಬರಿಲ್ಲದೆ ಆಪಾ ಟೈಪು ಮಾಡುತ್ತಿದ್ದರು. ಹೆಸರು, ಗುಪ್ತಪದ, ಬರೆಯುವ ಪ್ರೋಗ್ರಾಮಿನ ಆಜ್ಞೆ, ಮೇಡಂ ಜೊತೆ ಬಂದ ಸಹಾಯಕರು ಓದಿ ಹೇಳಿದ ಪತ್ರ, ಎಲ್ಲವನ್ನೂ ಪೂರ್ತಿ ಕತ್ತಲೆಯೊಳಗೆ. ಮೊದಲ ಅಕ್ಷರದಲ್ಲೇ ಬೆರಳು ತಪ್ಪಿದ್ದರೂ ಅವರಿಗೆ ತಿಳಿಯುವಂತಿರಲಿಲ್ಲ. ಆಮೇಲೆ ಅದೂ ನಿಂತಿತು. ಏನೂ ಇಲ್ಲ. ಚಾಚಾ ನನ್ನ ಮುಖ ನೋಡಿದರು.

ಪ್ರಿಂಟರು ಕಿರ್ರ್ ಎಂದಿತು.

ಸೂಜಿ ಕುಟ್ಟಿ ಬರೆಯುವ ಹಳೆಯ ಪ್ರಿಂಟರು. ಅದು ಸಾಲು ಸಾಲಾಗಿ ಕೂಗುತ್ತ ಹೋಯಿತು. ಮೆಹಬೂಬಸಾಬರು ನನ್ನ ತೋಳು ಹಿಡಿದುಕೊಂಡರು. "ಬಂತಲ್ರಿ ಸರ್! ಕಾಗದ ಬಂತಲ್ರಿ!"

"ಬಂತು ಚಾಚಾ."

ಆದರೆ ಅದು ಪರೀಕ್ಷೆಯ ಅರ್ಧ ಮಾತ್ರ. ಉಳಿದರ್ಧದಲ್ಲಿ ಯಂತ್ರದೊಳಗಿರುವ ಒಂದು ಪತ್ರವನ್ನು ಓದಿಕೊಂಡು ಉತ್ತರ ಬರೆಯಬೇಕು. ಅದನ್ನು ಸಹಾಯಕರು ಓದುವಂತಿಲ್ಲ, ಓದಿ ಹೇಳುವವರು ಸಾಹೇಬರು. ಮತ್ತೆ ಟೀಂವ್. ಮೌನ. ಟೀಂವ್. ಮೌನ. ಮುಗಿಯಿತೆಂದು ಗಂಟೆ ಬಾರಿಸುವವರೆಗೂ ಅಷ್ಟೇ.

ಆಪಾ ಹೊರಗೆ ಬಂದು ಅಪ್ಪನ ತೋಳಿಗೆ ಕೈ ಚಾಚಿದರು. "ಮೊದಲಿಂದು ಛಾಪಿಸಿದೆ. ಎರಡನೇದು ಬಿಳೇ ಹಾಳಿ ಕೊಟ್ಟ ಬಂದೆ" ಎಂದರು.

"ಅರ್ಧಕ್ಕ ಕೊಡೂದಿಲ್ಲೇನ್ರಿ ಸರ್ ನೌಕರಿ?" ಎಂದರು ಚಾಚಾ.

"ಇಲ್ಲೆಪ್ಪ, ಅರ್ಧ ನೌಕರಿ ಯಾರ್ ಕೊಡ್ತಾರ" ಎಂದು ನನ್ನ ಬದಲು ಆಪಾರೇ ಉತ್ತರ ಕೊಟ್ಟರು. ನಾನು ಬಸ್ಸಿನವರೆಗೂ ಜೊತೆಗೆ ಹೋದೆ. ದಾರಿಯಲ್ಲಿ ಹೇಳಬೇಕೆಂದುಕೊಂಡ ಮಾತುಗಳೆಲ್ಲ ಕೆಸರಿನಲ್ಲಿ ಕಾಲು ಕಿತ್ತಿಡುವುದರಲ್ಲೇ ಕಳೆದವು. ಹತ್ತುವಾಗ ಆಪಾ, "ಸರ್, ಆ ಮೇಡಂ ಚಲೋ ಹೆಣ್ಮಗಳು. ನೀರ ತರಿಸಿ ಕೊಟ್ರು" ಎಂದರು.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದು ಮೂಲೆಯ ಯಂತ್ರವನ್ನು ಚಾಲೂ ಮಾಡಿದೆ. ಸಾಲು ಇನ್ನೂ ಬರೆದಿರಲಿಲ್ಲ. ಟೀಂವ್ ಎಂದಿತು. ಹಿಂದೆಯೇ, ನೆಗಡಿಯ ದನಿಯಲ್ಲಿ, ಸ್ಪಷ್ಟವಾಗಿ, ಸಾಹೇಬರು ಮಾತಾಡಿದರು.

ಈರಪ್ಪ ಕಸಬರಿಗೆ ಬಿಟ್ಟು ಓಡಿ ಬಂದ. "ಎದ್ರು! ನೋಡ್ರಿ ಸರ್, ನಾ ಹೇಳಿದ್ನಿಲ್ಲ, ಚೊಕ್ಕ ಮಾಡೇನಿ ಅಂತ. ನಿನ್ನೆ ಮಳಿ ಥಂಡೀಗೆ ಹಿಡಕೊಂಡಿತ್ತ ಕಾಣತೈತಿ." ಅವನಿಗೆ ಖುಷಿಯೋ ಖುಷಿ. "ಆಪಾಗ ಫೋನ್ ಹಚ್ರಿ. ಕೇಳಲಿ. ಇನ್ನೊಮ್ಮೆ ಬರ್ರಿ ಅಂತ ಹೇಳ್ರಿ."

ಬೇಡ ಎನ್ನಲು ನನಗೆ ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಅವನು ಆ ಖುಷಿಯ ಮುಖವನ್ನು ಮತ್ತೆ ಎಂದೂ ಹೊತ್ತು ತರುವುದಿಲ್ಲ. ಮೋಡೆಮಿನ ಲೈನಿಗೇ ಜೋಡಿಸಿದ್ದ ಫೋನೆತ್ತಿ ಬೂತಿನ ನಂಬರು ಒತ್ತಿದೆ. ಆಪಾರೇ ಎತ್ತಿದರು. ನಾನು ಮಾತಾಡುವ ಮೊದಲೇ ಈರಪ್ಪ ರಿಸೀವರನ್ನು ನನ್ನ ಕೈಯಿಂದ ಕಸಿದು ಸ್ಪೀಕರಿಗೆ ಹಿಡಿದ. ಇನ್ನೊಂದು ಕೈಯಿಂದ ಒಂದೊಂದೇ ಕೀಲಿ ಒತ್ತಿದ. ಸಾಹೇಬರು ಒಂದೊಂದೇ ಅಕ್ಷರ ಹೇಳಿದರು. ಅವನು ನಗುತ್ತ ನಿಂತಿದ್ದ. ಅತ್ತಲಿಂದ ಏನೂ ಕೇಳುತ್ತಿರಲಿಲ್ಲ.

ಬಹಳ ಹೊತ್ತಾದ ಮೇಲೆ ನಾನು ರಿಸೀವರು ತೆಗೆದುಕೊಂಡೆ. ಲೈನು ಕಡಿದಿರಬಹುದು ಎಂದುಕೊಂಡಿದ್ದೆ, ಕಡಿದಿರಲಿಲ್ಲ. ಬಸ್ ನಿಲ್ದಾಣದ ಗದ್ದಲ, ಅದರ ಹಿಂದೆ ಎಲ್ಲೋ ತಗಡಿನ ಮೇಲೆ ಸುತ್ತಿಗೆಯ ಪೆಟ್ಟು.

"ಆಪಾ?"

"ಕೇಳಿದೆ ಸರ್. ಚಲೋ ಮಾತಾಡ್ತೈತಿ." ಎಂದರು. "ಇಡ್ರಿ ಇನ್ನ, ಗಿರಾಕಿ ಬಂದಾರ."